ಟೈಲರ್ ಭಾವ ಅಳೆದ ನೆರಳು

ನಮ್ಮ ಭಾವ ಟೈಲರ್. ಒಂದು ಸಲ ಅಳೆದರೆ ಮುಗಿಯಿತು, ಎರಡನೇ ಸಲ ಟೇಪು ಹಿಡಿಯುವುದೆಂದರೆ ಅವರಿಗೆ ಅವಮಾನ. ಮೂವತ್ತು ವರ್ಷದಿಂದ ಎಂಟಡಿ ಅಂಗಡಿಯಲ್ಲಿ ಕೂತು ಅರ್ಧ ಊರಿನ ಸೊಂಟದ ಸುತ್ತಳತೆ ಬಾಯಿಪಾಠ ಮಾಡಿಕೊಂಡಿದ್ದಾರೆ. ದಾರಿಯಲ್ಲಿ ಯಾರಾದರೂ ನಮಸ್ಕಾರ ಅಂದರೆ "ಎರಡಿಂಚು ಜಾಸ್ತಿ ಆಗಿದ್ದೀರಿ" ಅನ್ನುವ ಆಸಾಮಿ. ಒಳ್ಳೆಯವರೇ. ಆದರೆ ಅಳತೆಯ ವಿಷಯದಲ್ಲಿ ಇನ್ನೊಬ್ಬರ ಮಾತು ಕಿವಿಗೆ ಹಾಕಿಕೊಳ್ಳುವವರಲ್ಲ. ನಾನು ಗಾರೆ ಕೆಲಸದವನು, ನನಗೂ ಮೂಗಿನ ತುದಿಯಲ್ಲೇ ಕೋಪ. ಇಬ್ಬರ ನಡುವೆ ಸಿಕ್ಕಿಹಾಕಿಕೊಂಡವಳು ನಮ್ಮಕ್ಕ.

ಅಕ್ಕನಿಗೆ ಎರಡು ವರ್ಷದಿಂದ ಹಾಳು ಕಾಯಿಲೆ. ಬಿಸಿಲು ತಾಗಿದರೆ ಮೈಯೆಲ್ಲ ಕೆಂಪು ದದ್ದು, ಕೀಲುಕೀಲಿಗೂ ಬಾವು. ಬಿಸಿಲಿಗೆ ಕಾಲಿಡಲೇಬೇಡಿ ಅಂದುಬಿಟ್ಟರು ಡಾಕ್ಟರು. ಅಡುಗೆಮನೆ, ಮಲಗುವ ಕೋಣೆ, ಮತ್ತೆ ಅಡುಗೆಮನೆ. ಒಂದು ದಿನ ನನ್ನೆದುರು ಅತ್ತೇಬಿಟ್ಟಳು.

"ಹೊರಗೆ ಗಾಳೀಲಿ ಕೂತು ಒಂದು ಲೋಟ ಟೀ ಕುಡೀಬೇಕು ಕಣೋ. ಇನ್ನೇನೂ ಬೇಡ ನಂಗೆ."

ಅವರ ಮನೆಗೆ ಹಿತ್ತಲೇನೋ ಇತ್ತು, ಹನ್ನೆರಡಡಿಗೆ ಹದಿನೈದು. ಇದ್ದದ್ದು ಮುಳ್ಳುಗಿಡ, ಒಡೆದ ಬಕೆಟು. ಕೈಯಲ್ಲಿದ್ದದ್ದೆಲ್ಲ ಔಷಧಿಗೇ ಹೋಗುತ್ತಿದ್ದುದರಿಂದ ಬಿಟ್ಟಿ ಸಿಕ್ಕಿದ್ದರಲ್ಲೇ ಕೆಲಸ ಆಗಬೇಕಿತ್ತು. ಆಮೇಲೆ ಕಳೆ ಕೀಳು, ನೀರು ಹೊರು ಅಂತ ಚಾಕರಿಯೂ ಇರಬಾರದು. ನಾನು ಕೆಡವಿದ ಮನೆಯಿಂದ ಅಕ್ಕ ಕೂರುವ ಬೆಂಚಿಗೆ ಅಂತ ಒಂದು ಕಲ್ಲು ಚಪ್ಪಡಿ ತಂದೆ. ಕಳೆ ಏಳದ ಹಾಗೆ ನೆಲಕ್ಕೆ ಹಳೇ ಗೋಣಿಚೀಲ ಹಾಸಿ, ಮೇಲೆ ಕೆಲಸದಲ್ಲಿ ಉಳಿದ ಜಲ್ಲಿ ಸುರಿದೆ. ಭಾವ ಗಿರಾಕಿಗಳ ಮನೆಗಳಿಂದ ಜರಿಗಿಡ, ಮನಿ ಪ್ಲಾಂಟು ಕೇಳಿ ತಂದರು. ಉಳಿದದ್ದು ಬೆಂಚಿನ ಜಾಗ ಗೊತ್ತು ಮಾಡುವುದು.

ಅದು ಚಳಿಗಾಲ. ಒಂದು ಭಾನುವಾರ ಬೆಳಗ್ಗೆಯಿಂದ ಸಂಜೆಯವರೆಗೆ ಭಾವ ಹಿತ್ತಲಲ್ಲೇ ಕೂತು, ಗಂಟೆಗೊಂದು ಗೂಟ ನೆಟ್ಟು, ನೆರಳಿನ ಅಂಚಿಗೆ ಕೆಂಪು ದಾರ ಕಟ್ಟಿದರು. ದಕ್ಷಿಣಕ್ಕೆ ಪಕ್ಕದವರ ಎರಡಂತಸ್ತಿನ ಮನೆ. ಅದರ ಗೋಡೆಯಿಂದ ಐದಡಿ ದೂರದಲ್ಲಿ ನಿಂತು ಬೆರಳು ತೋರಿಸಿದರು.

"ಇಡೀ ದಿನ ಬಿಸಿಲು ಬೀಳದ ಜಾಗ ಇದು. ಬೆಂಚು ಇಲ್ಲೇ ಬರ್ಬೇಕು."

"ಭಾವ, ಇದು ಚಳಿಗಾಲದ ನೆರಳು. ಬೇಸಿಗೆ ಬಂದ್ರೆ..."

"ನೋಡಪ್ಪ, ನೀನು ಕಲ್ಲು ಕೂರಿಸು. ಅಳತೆ ನನಗೆ ಬಿಡು."

ಮೈಯೆಲ್ಲ ಉರಿದುಹೋಯಿತು ನನಗೆ. ಇಪ್ಪತ್ತೈದು ವರ್ಷ ಗೋಡೆ ಕಟ್ಟಿದವನಿಗೆ ಯಾವ ತಿಂಗಳಲ್ಲಿ ಯಾವ ಗೋಡೆ ಕಾಯುತ್ತದೆ ಅಂತ ಗೊತ್ತಿರುವುದಿಲ್ಲವೇ? ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬರುತ್ತಾನೆ, ದಕ್ಷಿಣದ ಗೋಡೆಯ ನೆರಳು ಹೇಳಹೆಸರಿಲ್ಲದೆ ಹೋಗುತ್ತದೆ. ಹಿತ್ತಲಿನ ಪೂರ್ವಕ್ಕೆ ಒಂದು ಗೋಡೌನು ಇತ್ತು, ಬೆಂಚನ್ನು ಅದರ ಗೋಡೆಗೆ ಒತ್ತಿ ಹಾಕಿದರೆ ವರ್ಷವಿಡೀ ಬೆಳಗಿನ ಹೊತ್ತು ನೆರಳು ಖಾತ್ರಿ. ಇಷ್ಟನ್ನು ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ. ಅನುಭವಿಸಲಿ ಅಂದುಕೊಂಡು, ತೋರಿಸಿದಲ್ಲೇ ಎರಡು ಇಟ್ಟಿಗೆ ಕಂಬ ಕಟ್ಟಿ ಚಪ್ಪಡಿ ಕೂರಿಸಿ ಕೈತೊಳೆದುಕೊಂಡೆ.

ಎರಡು ತಿಂಗಳು ಅಕ್ಕ ರಾಣಿಯ ಹಾಗೆ ಕೂತಳು. ನಾನು ಹೋದಾಗಲೆಲ್ಲ "ನೋಡೋ, ನಿಮ್ಮ ಭಾವನ ಅಳತೆ!" ಅಂತ ಬೀಗುತ್ತಿದ್ದಳು. ಆಮೇಲೆ ಬಿಸಿಲು ಅವಳ ಪಾದಕ್ಕೆ ಬಂತು. ಕಾಲು ಮೇಲಿಟ್ಟುಕೊಂಡು ಕೂತಳು. ಹದಿನೈದು ದಿನದಲ್ಲಿ ಬೆಂಚಿಗೇ ಬಂತು, ಅಕ್ಕ ಒಳಗೆ ಹೋದಳು. ಭಾವ ಕೋಟಿನ ಲೈನಿಂಗ್ ತುಂಡುಗಳನ್ನೆಲ್ಲ ಜೋಡಿಸಿ ಚಪ್ಪರ ಹೊಲಿದರು. ಅಷ್ಟು ಚಂದದ ಹೊಲಿಗೆ, ಒಂದೇ ಮಧ್ಯಾಹ್ನದ ಗಾಳಿಗೆ ಚಿಂದಿಯಾಯಿತು.

ಮರುದಿನ ನಾನು ಕೆಲಸ ಮಾಡುವಲ್ಲಿಗೇ ಬಂದು ಮರಳಿನ ಗುಡ್ಡೆಯ ಪಕ್ಕ ನಿಂತರು.

"ನೆರಳು ಹೋಯ್ತಪ್ಪ. ಏನು ಮಾಡ್ಬೇಕು ಅಂತ ಗೊತ್ತಾಗ್ತಿಲ್ಲ."

ಆ ಮನುಷ್ಯ ಯಾರನ್ನೂ ಹಾಗೆ ಕೇಳಿದವರಲ್ಲ. ಆಗಲೇ ಎದ್ದು ಹೋಗಬೇಕಿತ್ತು ನಾನು. "ತಾರಸಿ ಕೆಲಸ ಇದೆ ಭಾವ, ಮುಂದಿನ ವಾರ ನೋಡೋಣ" ಅಂದೆ. ಇನ್ನೆರಡು ಸಲ ಅಲೆಯಲಿ ಅನ್ನುವ ಕೊಬ್ಬು. ಅವರು ಅಲೆದರು ಕೂಡ. ಮೂರು ವಾರ ಕಳೆಯಿತು.

ಕೊನೆಗೆ ಹೋಗಿ ಕಂಬ ಒಡೆದು, ಬೆಂಚನ್ನು ಪೂರ್ವದ ಗೋಡೆಗೆ ಕಟ್ಟಿದೆ. ಭಾವ ಆ ದಿನ ಟೇಪು ಮುಟ್ಟಲಿಲ್ಲ. ಇಟ್ಟಿಗೆ ಎತ್ತಿ ಕೊಡುತ್ತಾ, "ಅವತ್ತು ನೀನು ಹೇಳೋಕೆ ಬಂದೆ. ನಾನೇ ಬಾಯಿ ಮುಚ್ಚಿಸಿದೆ" ಅಂದರು. ನಾನೂ ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದೆ ಅನ್ನಲು ನಾಲಿಗೆ ಏಳಲಿಲ್ಲ.

ಸಿಮೆಂಟು ಗಟ್ಟಿಯಾಗಲು ಒಂದು ವಾರ ಬೇಕು. ದಿನಾ ಎರಡು ಹೊತ್ತು ಹೋಗಿ ಕಂಬಗಳಿಗೆ ನೀರು ಹಾಕುತ್ತಿದ್ದೆ. ಅಕ್ಕ ಅಡುಗೆಮನೆಯ ಕಿಟಕಿಯಿಂದ, "ಇವತ್ತು ಕೂರಬಹುದೇನೋ?" ಅನ್ನುತ್ತಿದ್ದಳು.

"ಇನ್ನೂ ಹಸಿ ಇದೆ ಅಕ್ಕ. ಸ್ವಲ್ಪ ತಡ್ಕೋ."

ಐದನೇ ದಿನ ಕಿಟಕಿಯಲ್ಲಿ ಅವಳಿರಲಿಲ್ಲ. ಜ್ವರ. ಮಂಡಿ, ಹಿಮ್ಮಡಿ ಎಲ್ಲ ಊದಿದ್ದವು. ಎಂಟನೇ ದಿನ ಬೆಂಚು ಮೂರು ಜನ ನಿಂತರೂ ಅಲುಗದಷ್ಟು ಗಟ್ಟಿ. ಭಾವ ಅವಳನ್ನು ಎತ್ತಿಕೊಳ್ಳಲು ಬೆನ್ನ ಕೆಳಗೆ ಕೈ ಹಾಕಿದರು. ಅಕ್ಕ ಚೀರಿದಳು.

"ಬೇಡ ರೀ, ಮುಟ್ಟಬೇಡಿ. ದಮ್ಮಯ್ಯ."

ಡಾಕ್ಟರನ್ನು ಹಿಂದಿನ ದಿನವೇ ಕೇಳಿದ್ದೆವು. ಎದ್ದು ಓಡಾಡುತ್ತಾರೆ ಅಂತ ಅವರು ಹೇಳಲಿಲ್ಲ. ಅಕ್ಕ ನನ್ನ ಕಡೆ ತಿರುಗಿದಳು.

"ನೆರಳು ಬಂದಿದೆಯೇನೋ?"

"ಬಂದಿದೆ ಅಕ್ಕ."

"ಹಾಗಾದ್ರೆ ಭಾವನ್ನ ಕರ್ಕೊಂಡು ಹೋಗಿ ಕೂತ್ಕೋ. ಎಷ್ಟು ಹೊತ್ತು ಇರುತ್ತೆ ಅಂತ ಬಂದು ಹೇಳು."

ಬೆಳಗ್ಗೆ ಎಂಟಕ್ಕೆ ಇಬ್ಬರೂ ಹೋಗಿ ಕೂತೆವು. ಬಿಸಿಲು ನಮ್ಮ ಮಂಡಿಗೆ ಬಂದಾಗ ಹನ್ನೊಂದು ಗಂಟೆ. ಪೂರ್ತಿ ಮೂರು ತಾಸು ಇತ್ತು ನೆರಳು. ಒಳಗೆ ಹೋಗಿ ಅವಳಿಗೆ ಅದನ್ನು ಹೇಳುವ ಧೈರ್ಯ ಸಾಲದೆ ಬಿಸಿಲಲ್ಲೇ ಕೂತೆವು.