ಮೋಟರಿಗೆ ಗಂಧ ಹಚ್ಚಿದ ಜಾಗ

ನನ್ನ ಹೆಂಡತಿಯ ತಮ್ಮ ಹಳೇಬೀಡಿನ ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ತೆಗೆದುಕೊಂಡಾಗ ಅವನಿಗೆ ಮೀನೂ ಗೊತ್ತಿರಲಿಲ್ಲ, ದೋಣಿಯೂ ಗೊತ್ತಿರಲಿಲ್ಲ. ಈಜನ್ನಂತೂ ಬಾವಿಯ ಕಟ್ಟೆಯ ಮೇಲೆ ಕೂತು ನೋಡಿದ್ದಷ್ಟೇ. ಊರಿನವರು ತಲೆತಲಾಂತರದಿಂದ ಹರಿಗೋಲಿನಲ್ಲಿ ಹಿಡಿಯುತ್ತಿದ್ದ ಮೀನನ್ನು ಇವನು ಮೋಟರ್ ದೋಣಿಯಲ್ಲಿ ಹಿಡಿಯುವವನಿದ್ದ. ಅದಕ್ಕೆಂದೇ ದೋಣಿಯ ಹಿಂಬದಿಗೆ ಕಚ್ಚಿಸುವ ಹಳೆಯ ಟೂ ಸ್ಟ್ರೋಕ್ ಮೋಟರೊಂದನ್ನು ಕರಾವಳಿಯಿಂದ ಲಾರಿಗೆ ಹಾಕಿಸಿಕೊಂಡು ಬಂದ. ಸೆಕೆಂಡ್ ಹ್ಯಾಂಡ್ ಎಂದ. ನೋಡಿದರೆ ಇಡೀ ಅರಬ್ಬೀ ಸಮುದ್ರವೇ ಅದರ ಮೇಲೆ ಕೈಯಾಡಿಸಿದಂತಿತ್ತು.

ಅರಸೀಕೆರೆಯಲ್ಲಿ ನನ್ನ ಬಳಿ ಒಂದು ಸ್ಕೂಟರ್ ಇತ್ತು. ಅದೂ ಟೂ ಸ್ಟ್ರೋಕ್. ದಿನಾ ಬೆಳಿಗ್ಗೆ ಅದನ್ನು ವಾಲಿಸಿ ಒದೆಯುವುದನ್ನು ಕಂಡಿದ್ದ ಹೆಂಡತಿಯ ಕಣ್ಣಿಗೆ ನಾನು ಎಂಜಿನಿಯರ್.

"ನೀವೇ ಅದನ್ನ ನೋಡ್ಕೊಡಿ. ಅವನಿಗೆ ಈಜು ಬರಲ್ಲ. ನೀರಿನ ಮಧ್ಯ ಅದೇನಾದ್ರೂ ಕೆಟ್ಟು ನಿಂತ್ರೆ ನಾನು ಕೇಳೋದು ನಿಮ್ಮನ್ನೇ," ಎಂದಳು.

ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಹಾರನಹಳ್ಳಿಯಲ್ಲಿ ಬಸ್ಸಿನಿಂದ ಇಳಿದು ವಾಪಸ್ ಬಂದಿದ್ದ ಮನುಷ್ಯನಿಗೆ ಇಂಥ ಮಾತು ಹೇಳಬಾರದು.

ಭಾನುವಾರ ಹೋಗಿ ಮೋಟರಿನ ಮುಚ್ಚಳ ತೆಗೆದೆ. ಒಳಗೆ ಪೆನ್ಸಿಲ್ ದಪ್ಪದ ಪೈಪುಗಳು. ಎಲ್ಲವೂ ಕಪ್ಪು, ಒಂದರ ಕಂಕುಳಲ್ಲಿ ಇನ್ನೊಂದು. ಯಾವುದು ಪೆಟ್ರೋಲಿನದು, ಯಾವುದು ನೀರಿನದು? ಒಂದೊಂದರ ತುದಿ ಬಿಡಿಸಿ ಬಾಯಲ್ಲಿ ಊದಿ, ಗಾಳಿ ಎಲ್ಲಿ ಹೊರಡುತ್ತದೆಂದು ಹುಡುಕಿದೆ. ಊದಿದ್ದಕ್ಕಿಂತ ಹೀರಿದ್ದೇ ಹೆಚ್ಚಾಗಿ, ಮಧ್ಯಾಹ್ನದ ಮುದ್ದೆ ಪೆಟ್ರೋಲಿನ ರುಚಿಯಲ್ಲೇ ಇಳಿಯಿತು. ಕೊನೆಗೆ ಪೆಟ್ರೋಲಿನ ಪೈಪುಗಳಿಗೆ ಕೆಂಪು ದಾರ, ನೀರಿನದಕ್ಕೆ ಬಿಳಿ ದಾರ ಕಟ್ಟಿದೆ.

ನನ್ನ ಜೀವವೆಲ್ಲ ಆ ಬಿಳಿ ದಾರದಲ್ಲಿತ್ತು. ಎಂಜಿನ್ ತಣ್ಣಗಿರಲೆಂದು ಮೋಟರು ಕೆರೆಯ ನೀರನ್ನೇ ಎಳೆದುಕೊಳ್ಳುತ್ತದೆ. ಅದರಲ್ಲಿ ಸ್ವಲ್ಪ ನೀರು ಈ ಪೈಪಿನಲ್ಲಿ ಹಾದು, ಹಿಂಭಾಗದ ಪುಟ್ಟ ತೂತಿನಿಂದ ಮಗು ಉಚ್ಚೆ ಹೊಯ್ದ ಹಾಗೆ ಚಿಮ್ಮಬೇಕು. ಚಿಮ್ಮುತ್ತಿದ್ದರೆ ಕ್ಷೇಮ. ಇಲ್ಲವಾದರೆ ಎಂಜಿನ್ ಕಾದು ಜಾಮ್ ಆಗಿ ನಿಂತಿತೆಂದೇ ಲೆಕ್ಕ.

ಹಿಚುಕಿದರೆ ಮೆತ್ತಗಿರಬೇಕಾದ ಪೈಪುಗಳು ಹಳೇ ಚಕ್ಕುಲಿಯಂತೆ ಚಟ್ಟೆಂದವು. ಎಲ್ಲ ಬದಲಾಯಿಸಬೇಕು ಎಂದೆ.

"ಅದಕ್ಯಾಕ್ ಭಾವ ದುಡ್ಡು ದಂಡ? ತೆಂಗಿನ್ ತೋಟದ ಡ್ರಿಪ್ ಪೈಪು ಬೇಕಾದಂಗೆ ಬಿದ್ದೈತೆ. ಕತ್ತರ್ಸಿ ಹಾಕನ."

"ಅದು ನೀರಿಗೆ ಮಾಡಿರೋದು ಕಣೋ."

"ಕೆರೇಲಿರೋದೂ ನೀರೇ ತಾನೆ?"

ಡ್ರಿಪ್ ಪೈಪಿನ ತುಂಡೊಂದನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಪೆಟ್ರೋಲಿಗೆ ಹಾಕಿಟ್ಟೆ. ಮುಂದಿನ ವಾರ ತೆಗೆದಾಗ ಅದು ಉಬ್ಬಿ ಜೋಲು ಬಿದ್ದಿತ್ತು. ಅವನು ಅದನ್ನು ತಿರುಗಿಸಿ ನೋಡಿ, "ಉಪ್ಪಿನಕಾಯಿ ಖಾರ ಇತ್ತೇನೋ," ಎಂದ. ನಾನು ಅರಸೀಕೆರೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಪೆಟ್ರೋಲಿನ ರಬ್ಬರ್ ಪೈಪನ್ನೂ ಕ್ಲಿಪ್ಪುಗಳನ್ನೂ ತಂದು, ಒಂದನ್ನು ತೆಗೆದು ಅದರ ಜಾಗಕ್ಕೆ ಹೊಸದನ್ನು ಹಾಕಿದ ಮೇಲೇ ಇನ್ನೊಂದನ್ನು ಮುಟ್ಟುತ್ತ, ದಾರಗಳನ್ನೂ ಮತ್ತೆ ಕಟ್ಟಿದೆ. ತಿರುಪತಿಗೆ ಮುಡಿ ಕೊಡುವಾಗಲೂ ನಾನು ಅಷ್ಟು ಭಕ್ತಿಯಿಂದ ಕೂತವನಲ್ಲ.

ಆಯುಧಪೂಜೆಯ ದಿನವೇ ಮೋಟರು ಕೆರೆಗಿಳಿಯಬೇಕೆಂದಾಯಿತು. ಹೆಂಡತಿ ಅದನ್ನು ತೊಳೆದು, ಗಂಧ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದಳು. ನಿಂಬೆಹಣ್ಣು ಕುಯ್ದದ್ದೂ ಆಯಿತು. ದಡದಲ್ಲಿ ಬಲೆ ಬಿಡಿಸುತ್ತಿದ್ದ ಹರಿಗೋಲಿನ ಮುದುಕ, "ಏನ್ಲಾ, ಕೆರೆಗೆ ಬಸ್ ಬಿಡ್ತಿದ್ದೀಯಾ? ಸ್ಟಾಪ್ ಎಲ್ಲೆಲ್ಲೈತೆ?" ಎಂದ.

ಭಾವಮೈದ ಹಗ್ಗ ಎಳೆದ. ಹೊಗೆ ಬಂತು, ಸದ್ದು ಬಂತು, ದೋಣಿ ಹೊರಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತೂತನ್ನು ನೋಡಿದೆ. ನೀರಿಲ್ಲ.

"ಆಫ್ ಮಾಡೋ! ಆಫ್ ಮಾಡೋ!"

ನಾನು ಕಿರುಚುವುದು ನಮ್ಮ ಬಂಧುಬಳಗಕ್ಕೆ ಹೊಸದಲ್ಲ. ಮದುವೆಮನೆಯಲ್ಲಿ ಪೆಟ್ರೋಮ್ಯಾಕ್ಸ್ ನೋಡಿ ಕಿರುಚಿದ್ದೇನೆ, ತೊಟ್ಟಿಲ ಹಗ್ಗ ನೋಡಿ ಕಿರುಚಿದ್ದೇನೆ. ಒಬ್ಬರೂ ಕಿವಿಗೊಟ್ಟವರಲ್ಲ. ಅಂದು ಮಾತ್ರ, ಏನು ಕೇಡೋ, ಭಾವಮೈದ ನನ್ನ ಮಾತು ಕೇಳಿದ. ಕೆರೆಯ ನಡುವೆ ಮೋಟರು ಆಫ್ ಮಾಡಿದ. ಮತ್ತೆ ಎಷ್ಟು ಹಗ್ಗ ಎಳೆದರೂ ಅದು ಸ್ಟಾರ್ಟ್ ಆಗಲಿಲ್ಲ. ಗಾಳಿ ದೋಣಿಯನ್ನು ನಿಧಾನವಾಗಿ ಆಳದ ಕಡೆಗೆ ತಳ್ಳತೊಡಗಿತು. ಅವನು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟ.

"ನಿಂತೋಯ್ತಲ್ರೀ!" ಎಂದಳು ಹೆಂಡತಿ.

"ಅದು ನಿಲ್ಲಲಿಲ್ಲ ಕಣೇ, ನಾನೇ ನಿಲ್ಲಿಸಿದ್ದು."

"ಅದನ್ನೇ ನಾನೂ ಹೇಳ್ತಿರೋದು."

ಮುದುಕ ಹರಿಗೋಲಿನಲ್ಲಿ ಹೋಗಿ, ದೋಣಿಗೆ ಹಗ್ಗ ಕಟ್ಟಿ, "ಬಸ್ಸು ಕೆಟ್ಟೋಯ್ತು, ಎಲ್ರೂ ಇಳೀರಪ್ಪ," ಎನ್ನುತ್ತ ಎಳೆದು ತಂದ. ಭಾವಮೈದ ದಡ ಮುಟ್ಟಿದ ಮೇಲೆ ನನಗೆ ಉಸಿರು ಬಂತು. ಬಗ್ಗಿ ನೋಡಿದೆ. ಆ ಪುಟ್ಟ ತೂತಿನ ಮೇಲೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದಂತೆ, ಒಣಗಿ ಗಟ್ಟಿಯಾದ ದುಂಡನೆಯ ಗಂಧ. ಅದರ ಮೇಲೆ ಕುಂಕುಮ. ನೀರೆಲ್ಲ ಒಳಗೆ ಸರಿಯಾಗೇ ಓಡಾಡಿ ಬೇರೆ ದಾರಿಯಲ್ಲಿ ಹೊರಹೋಗಿತ್ತು. ಎಂಜಿನ್ ಮುಟ್ಟಿದರೆ ಬೆಚ್ಚಗಿತ್ತು, ಅಷ್ಟೇ.

"ಅಲ್ಲೇ ಯಾಕೆ ಇಟ್ಟೆ?"

"ಬೊಟ್ಟಿಡೋಕೆ ಅಂತ್ಲೇ ಮಾಡಿದಂಗಿತ್ತು, ಇಟ್ಟೆ. ನೀವು ಎಲ್ಲದಕ್ಕೂ ದಾರ ಕಟ್ಟಿದ್ರಲ್ಲ, ಅಲ್ಲಿಗೂ ಒಂದು ಕಟ್ಟಬಾರದಿತ್ತಾ?"

ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ ತೆಗೆದು ಕೊಟ್ಟಳು. ತೂತನ್ನು ಕೆದಕಿದೆ. ಹಗ್ಗ ಎಳೆದೆಳೆದು ಪೆಟ್ರೋಲಿನಲ್ಲಿ ನೆನೆದಿದ್ದ ಪ್ಲಗ್ ಬಿಚ್ಚಿ ಒರೆಸಿ ಹಾಕಿದ ಮೇಲೆ ಮೋಟರು ಸ್ಟಾರ್ಟ್ ಆಯಿತು. ನೀರು ನೇರ ನನ್ನ ಹಬ್ಬದ ಶರ್ಟಿಗೇ ಚಿಮ್ಮಿತು.

"ಇನ್ಮೇಲೆ ನೀವು ದಡದಾಗೆ ನಿಂತು ಕಿರುಚ್ಬ್ಯಾಡಿ ಭಾವ. ದೋಣಿ ಒಳಗೇ ಕೂತ್ಕಂಡು ನೋಡ್ಕಳಿ," ಎಂದ ಭಾವಮೈದ.

"ಹೂಂ ರೀ, ನೀವು ಜೊತೇಲಿದ್ರೆ ನಂಗೂ ಧೈರ್ಯ," ಎಂದಳು ಹೆಂಡತಿ.

ನನಗೆ ಈಜು ಬರುತ್ತದೆಯೇ ಎಂದು ಆ ಮನೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಅಂದೂ ಕೇಳಲಿಲ್ಲ. ಪಿನ್ ಹಿಡಿದುಕೊಂಡು ದೋಣಿ ಹತ್ತಿದೆ. ಆ ದಡ ಮುಟ್ಟಿ ಈ ದಡಕ್ಕೆ ಬರುವವರೆಗೂ ಕೆರೆಯ ಕಡೆ ತಿರುಗಲಿಲ್ಲ, ತೂತನ್ನೇ ನೋಡುತ್ತ ಕೂತಿದ್ದೆ.