ದೊಡ್ಡ ಮನೆಯ ಎಂಜಲು, ಮಕ್ತುಮಬಿಯ ಬಾಟಲಿ

ಮೂಡಣ ಬೆಳ್ಳಗಾಗುತ್ತಿದ್ದಂತೆ ಮಕ್ತುಮಬಿ ಸೋಡಾ ಬಾಟಲಿಯೊಂದನ್ನು ಆ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ಹಸಿರು ಗಾಜಿನ ಕೊರಳಲ್ಲಿ ಗೋಲಿ ಟಣ್ಣೆಂದು ಉರುಳುತ್ತದೆ. ಕೂದಲೆಳೆಯಷ್ಟು ಸೀಳು ಕಂಡರೂ ಆ ಬಾಟಲಿ ಪಕ್ಕದ ಬುಟ್ಟಿಗೆ ಹೋಗುತ್ತದೆ. ಕಾಣದಿದ್ದರೆ ಬೂದಿ, ಮರಳು, ಅಂಟವಾಳದ ನೀರು ತುಂಬಿಕೊಂಡು ಆಕೆಯ ಕೈಯಲ್ಲಿ ಕುಲುಕಾಡುತ್ತದೆ. ಗೋಲಿ ಅಡ್ಡ ಬರುವುದರಿಂದ ಕುಂಚ ಒಳಗೆ ಸಲೀಸಾಗಿ ಹೋಗುವುದಿಲ್ಲ. ಕುಲುಕಿಯೇ ತೊಳೆಯಬೇಕು. ಹುಬ್ಬಳ್ಳಿ ಸ್ಟೇಶನ್ನಿನ ಹಿಂದಿನ ಓಣಿಯ ಸೋಡಾ ಕಾರ್ಖಾನೆಯ ಹಿತ್ತಲಲ್ಲಿ ಹೊತ್ತೇರುವುದರೊಳಗೆ ಇನ್ನೂರು ಬಾಟಲಿ ತೊಳೆದಾಗಬೇಕು.

ಬೇಸಿಗೆಯಲ್ಲಿ ಅರ್ಧ ಊರು ಈ ಸೋಡಾ ಕುಡಿಯುತ್ತದೆ. ಕುಡಿದವರು ಸೋಡಾ ಮಾರುವ ಗಾಡಿಯವನನ್ನು ಬಲ್ಲರು, ತೊಳೆದವಳನ್ನು ಅರಿಯರು. ಈಗಂತೂ ನೋಡಬೇಕೆಂದರೂ ಕಾಣುವಂತಿಲ್ಲ. ಅಂಗಡಿಗೂ ಹಿತ್ತಲಿಗೂ ನಡುವೆ ಮಾಲಕ ಗುರುಶಿದ್ದಪ್ಪ ಬಿದಿರಿನ ತಟ್ಟಿ ಕಟ್ಟಿಸಿದ್ದಾರೆ. ಆ ತಟ್ಟಿಯ ಕತೆ ಹೇಳದೆ ಬಿಟ್ಟರೆ ಮಕ್ತುಮಬಿಯ ಕತೆ ಹೇಳಿದಂತಾಗುವುದಿಲ್ಲ.

ಆಕೆಯ ಗಂಡ ಖಾದರಬಾಷಾ ಇದೇ ಕಾರ್ಖಾನೆಯಲ್ಲಿ ಬಾಟಲಿಗೆ ಗ್ಯಾಸು ತುಂಬುತ್ತಿದ್ದವನು. ಸೀಳಿದ್ದ ಬಾಟಲಿಯೊಂದು ಯಂತ್ರದಲ್ಲೇ ಸಿಡಿದು ಅವನ ಎರಡೂ ಕಣ್ಣು ಹೋದವು. ಗಂಡನ ಕೆಲಸ ಹೋದ ಕಡೆ ಹೆಂಡತಿ ಬಂದು ಕೂತಳು. "ಅವತ್ತ ಯಾರೋ ಬೆಳಕಿಗೆ ಹಿಡದು ನೋಡಿರಲಿಲ್ಲ. ನಾ ನೋಡತೇನಿ. ನನ್ನ ಕೈ ದಾಟಿ ಸೀಳಿದ ಬಾಟ್ಲಿ ಹೋಗಂಗಿಲ್ಲ" ಎನ್ನುತ್ತಾಳೆ.

ಮಹಾಯುದ್ಧ ಶುರುವಾದ ಮೇಲೆ ಹಡಗಿನಲ್ಲಿ ಬರುತ್ತಿದ್ದ ಹೊಸ ಬಾಟಲಿ ನಿಂತುಹೋದವು. ಇದ್ದವೇ ಹೋಗಿ ಬರಬೇಕು. ಅದಕ್ಕೇ ಅನಾಮತ್ತಿನ ಕಾಯಿದೆ: ಸೋಡಾದ ಹಣದ ಜೊತೆ ಬಾಟಲಿಯ ಹಣವನ್ನೂ ಇಡಬೇಕು, ಖಾಲಿ ಬಾಟಲಿ ಕೊಟ್ಟು ಅದನ್ನು ವಾಪಸು ಪಡೆಯಬೇಕು. ಸ್ಟೇಶನ್ನಿನ ಹಮಾಲ ಅನಾಮತ್ತು ಇಡದ ಹೊರತು ಗಾಡಿಯವನು ಗೋಲಿ ಒತ್ತುವುದೇ ಇಲ್ಲ. ಹಮಾಲ ಕುಡಿದ ಬಾಟಲಿ ತಪ್ಪದೆ ತಿರುಗಿ ಬರುತ್ತದೆ. ಆದರೆ ಅರಳೆ ವ್ಯಾಪಾರಿಯ ಮನೆಗೆ ಪೆಟ್ಟಿಗೆಗಟ್ಟಲೆ ಸೋಡಾ ಹೋದಾಗ ಈ ಕಾಯಿದೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲುತ್ತದೆ. ಅಂಥವರ ಹತ್ತಿರ ಅನಾಮತ್ತು ಕೇಳಿದರೆ ಅವರ ಮಾತನ್ನು ನಂಬದಂತಾಗುತ್ತದಂತೆ. ಬಾಟಲಿ ಬಾರದಿದ್ದರೆ? ಖಾಲಿ ಬಾಟಲಿಗಳ ಜವಾಬ್ದಾರಿ ತೊಳೆಯುವವಳದು.

ಕಳೆದ ಚೈತ್ರದಲ್ಲಿ ಬಾಟಲಿ ಎಷ್ಟು ಕಡಿಮೆಯಾದವೆಂದರೆ ಗುರುಶಿದ್ದಪ್ಪ ಸ್ಪಷ್ಟವಾಗಿಯೇ ಹೇಳಿದರು: "ಅರಳಿ ಸಾವಕಾರ ಮೈಲಾರಲಿಂಗಪ್ಪನವರ ಮನಿ ಲಗ್ನದ ಖಾಲಿ ಬಾಟ್ಲಿ ಬರಲಿಲ್ಲಂದ್ರ ಕಾರ್ಖಾನಿ ಬಂದ್. ನಿನ್ನ ಕೆಲಸಾನೂ ಬಂದ್."

ಲಗ್ನದ ಮರುದಿನ ನಸುಕಿನಲ್ಲೇ ಮಕ್ತುಮಬಿ ಕೈಗಾಡಿ ತಳ್ಳಿಕೊಂಡು ಆ ಮನೆಯ ಹಿತ್ತಲಿಗೆ ಹೋದಳು. ಗಾಜು ಒಡೆಯುವ ಸದ್ದು ಓಣಿಗೇ ಕೇಳುತ್ತಿತ್ತು. ಊಟದ ಪತ್ರಾವಳಿ ಹೂಳುವ ತಗ್ಗಿನ ಅಂಚಿನಲ್ಲಿ ಕೂತು ಮನೆಯ ಆಳು ನೀಲಪ್ಪ ಹಾರೆಯಿಂದ ಬಾಟಲಿ ಕುಟ್ಟುತ್ತಿದ್ದ.

"ಏನ್ ಮಾಡಾಕತ್ತಿಯೋ ನೀಲಪ್ಪ?"

"ಸಾವಕಾರ್ರು ಹೇಳ್ಯಾರ ಯಕ್ಕಾ. ಬೀಗರು ಬಾಯಿ ಹಚ್ಚಿ ಕುಡದಾರಂತ. ಎಂಜಲ ಆಗ್ಯಾವ, ಪತ್ರಾವಳಿ ಕೂಡ ಹುಗದುಬಿಡು ಅಂದ್ರು."

ಅಷ್ಟರಲ್ಲಿ ಮೈಲಾರಲಿಂಗಪ್ಪನವರೇ ಹೊರಗೆ ಬಂದರು. ಅವರದು ದರ್ಪದ ಮುಖವಲ್ಲ, ಪುಣ್ಯ ಮಾಡುತ್ತಿರುವವರ ಮುಖ. "ನಾವು ಕುಡದ ಎಂಜಲಾ ಇನ್ನೊಬ್ಬರಿಗೆ ಕುಡಿಸೂದು ಪಾಪ ಅಲ್ಲೇನವಾ? ಅದಕ್ಕ ಒಡಸಾಕತ್ತೇನಿ" ಎಂದರು.

ಅವರು ಬಾಟಲಿಯನ್ನೂ ಪತ್ರಾವಳಿ ಎಂದೇ ತಿಳಿದಿದ್ದರು. ತಮಗೆ ಬಂದದ್ದು ತಮಗಾಗಿಯೇ ಹುಟ್ಟಿ ಬಂದದ್ದು, ತಾವು ಬಿಟ್ಟ ಮೇಲೆ ಮಣ್ಣಿಗೆ ಹೋಗುವಂಥದ್ದು ಎಂದು. ಜಗತ್ತಿನ ಎಲ್ಲ ವಸ್ತುಗಳೂ ಇಂಥವರಿಗೆ ಹಾಗೇ ಕಾಣುತ್ತವೆ.

ಮಕ್ತುಮಬಿ ತಗ್ಗಿನಲ್ಲಿದ್ದ ಗಾಜಿನ ಚೂರು ನೋಡಿದಳು. ಅದರಲ್ಲಿ ಆಕೆಯ ಮನೆಯ ಒಲೆ ಇತ್ತು, ಕುರುಡ ಗಂಡನ ಊಟವಿತ್ತು.

"ಸಾವಕಾರ್ರ, ನಿನ್ನೆ ನೀವು ಕುಡದ್ರಲ್ಲಾ, ಆ ಬಾಟ್ಲಿ ಮೊನ್ನೆ ಹಮಾಲ್ರು ಕುಡದದ್ದು. ಅದಕ್ಕೂ ಮೊದಲ ಗೋರಾ ಸಿಪಾಯಿ ಕುಡದಿದ್ದ. ಎಲ್ಲಾರ ಎಂಜಲಾನೂ ತೊಳದಾಕಿ ನಾನ. ನನ್ನ ಹೆಸರು ಮಕ್ತುಮಬಿ."

ನೀಲಪ್ಪ ಹಾರೆ ಕೆಳಗಿಟ್ಟು ಆ ಕಡೆ ಮುಖ ತಿರುಗಿಸಿದ. ಅವನ ಹೆಗಲು ಮಾತ್ರ ನಗೆಗೆ ಕುಣಿಯುತ್ತಿತ್ತು. ಸಾವಕಾರರು ಎರಡು ಸಲ ಉಗುಳಿ, ಸ್ನಾನಕ್ಕೆ ನೀರು ಕಾಯಿಸಲು ಹೇಳಿ ಒಳಗೆ ಹೋದರು. ಒಡೆಯದೆ ಉಳಿದಿದ್ದ ಅರ್ಧದಷ್ಟು ಬಾಟಲಿಗಳನ್ನು ಆಕೆ ಗಾಡಿಗೆ ತುಂಬಿಕೊಂಡಳು. ಅಷ್ಟರಿಂದಲೇ ಕಾರ್ಖಾನೆ ಬಂದ್ ಆಗುವುದು ತಪ್ಪಿತು.

ಮಧ್ಯಾಹ್ನದ ಹೊತ್ತಿಗೆ ದೂರು ಕಾರ್ಖಾನೆಗೆ ಬಂದಿತ್ತು. ಒಡೆಸಿದವನು ಸಾವಕಾರ, ದಂಡ ಮಕ್ತುಮಬಿಯ ಪಗಾರಕ್ಕೆ. ಆಕೆ ಇನ್ನು ಗಿರಾಕಿಗಳ ಕಣ್ಣಿಗೆ ಬೀಳಬಾರದೆಂದು ಮರುದಿನವೇ ತಟ್ಟಿಯೂ ಎದ್ದಿತು. ಇದಕ್ಕೆ ನ್ಯಾಯ ಎನ್ನುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಂಜೆ ತಂಪು ಸೋಡಾ ಕುಡಿಯುತ್ತ ಸ್ವರಾಜ್ಯದ ಮಾತಾಡುವವರೂ ಅವರೇ.

ಮಕ್ತುಮಬಿ ಅಳಲಿಲ್ಲ. ಗಾಡಿಗೆ ಹೋಗುವ ಬಾಟಲಿ ತೊಳೆದಳು; ದೊಡ್ಡ ಮನೆಗಳಿಗೆ ಹೋಗುವ ಪೆಟ್ಟಿಗೆಗಳನ್ನು ಮುಟ್ಟಲಿಲ್ಲ. "ಅನಾಮತ್ತ ಇಡಸ್ಕೋರಿ, ತೊಳೀತೇನಿ. ಹಮಾಲಗ ಒಂದು ಕಾಯ್ದೆ, ಸಾವಕಾರ್ರಿಗೆ ಒಂದು ಕಾಯ್ದೆ ನನ್ನ ಕಡಿಂದ ಆಗಂಗಿಲ್ರಿ ಧಣ್ಯಾರ" ಎಂದಳು.

"ಊರಾಗ ನೀ ಒಬ್ಬಾಕಿನ ಇದ್ದೀಯೇನು?" ಎಂದು ಗುರುಶಿದ್ದಪ್ಪ ಇನ್ನೊಬ್ಬಳನ್ನು ಕರೆಸಿದರು. ಆಕೆ ಬೆಳಕಿಗೆ ಹಿಡಿದು ನೋಡಲಿಲ್ಲ. ಅಂದೇ ಒಂದು ಬಾಟಲಿ ಯಂತ್ರದಲ್ಲಿ ಸಿಡಿಯಿತು. ಪುಣ್ಯಕ್ಕೆ ಯಾರಿಗೂ ತಗುಲಲಿಲ್ಲ. ಮಕ್ತುಮಬಿ ತೊಳೆಯದ ಬಾಟಲಿಗೆ ಗ್ಯಾಸು ತುಂಬುವುದಿಲ್ಲ ಎಂದು ಯಂತ್ರದ ಆಳು ಎದ್ದು ನಿಂತ.

ಅಡತಿ ವ್ಯಾಪಾರದವರ ಮನೆಯಲ್ಲಿ ಬಸುರಿ ಸೊಸೆಯ ಕುಬಸಕ್ಕೆ ಸೋಡಾ ಹೋಗಬೇಕಿತ್ತು. ಗುರುಶಿದ್ದಪ್ಪ ಹಲ್ಲು ಕಚ್ಚಿ ಅನಾಮತ್ತು ಕೇಳಿದರು. ಅಡತಿಯವರು ಮುಖ ಊದಿಸಿಕೊಂಡೇ ಇಟ್ಟರು. ಮರುದಿನ ಎಲ್ಲ ಬಾಟಲಿಗಳೂ ವಾಪಸು ಬಂದವು. ಆ ಮನೆಯಲ್ಲೂ ಬಾಯಿ ಹಚ್ಚಿಯೇ ಕುಡಿದಿದ್ದರು. ಎಂಜಲಿನ ಮಾತು ಯಾರೂ ಎತ್ತಲಿಲ್ಲ. ಸ್ವಂತ ಹಣ ಕಟ್ಟಿದ ಕೂಡಲೇ ಎಂಜಲು ಹೋಗುವುದಾದರೆ ಆ ಮಡಿಯನ್ನು ಏನೆನ್ನಬೇಕು?

ಕಾಯಿದೆ ಈಗ ಎಲ್ಲರಿಗೂ ಒಂದೇ. ಮುರಿದುಕೊಂಡ ಪಗಾರ ಮಾತ್ರ ತಿರುಗಿ ಬಂದಿಲ್ಲ. ಅದನ್ನು ಕೇಳುವುದನ್ನೂ ಆಕೆ ಬಿಟ್ಟಿಲ್ಲ. ಆದರೆ ಮೊದಲು ಏನು ಬೇಕೆಂದು ಕೇಳಿದರೆ ಮಕ್ತುಮಬಿ ಒದ್ದೆ ಕೈಯಿಂದ ಆ ಬಿದಿರಿನ ತಟ್ಟಿಯನ್ನು ತೋರಿಸುತ್ತಾಳೆ.

"ಇದನ್ನ ತಗಸ್ರಿ ಅಂತ ಹೇಳೇನಿ. ಕುಡಿಯೋರು ನೋಡ್ಲಿ. ನಾ ಛಲೋ ತೊಳೀತೇನ್ರಿ."

ಮಾತು ಮುಗಿಸಿ ಇನ್ನೊಂದು ಬಾಟಲಿಯನ್ನು ಬೆಳಕಿಗೆ ಹಿಡಿಯುತ್ತಾಳೆ. ಆದರೆ ಮೂಡಣದ ಬೆಳಕಿಗೂ ಈಗ ತಟ್ಟಿ ಅಡ್ಡ. ಆಕೆ ಎದ್ದು, ನಾಲ್ಕು ಹೆಜ್ಜೆಯಲ್ಲಿ ತಟ್ಟಿ ದಾಟಿ ಈಚೆ ಬಂದು, ಅಂಗಡಿಯಲ್ಲಿ ಸೋಡಾ ಕುಡಿಯುವವರೆಲ್ಲ ನೋಡುತ್ತಿರುವಂತೆಯೇ ಕೈ ಮೇಲೆತ್ತುತ್ತಾಳೆ.