ಸುಣ್ಣದ ಬೊಟ್ಟು ಇಟ್ಟ ಬಾವಿ

ನಾನು ಹೆದರುಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು. ಹಾವು ಕಂಡರೆ ಹೆದರಿಕೆ, ಮಾಮಲೇದಾರ ಕಚೇರಿಯ ಜವಾನ ಕಂಡರೆ ಹೆದರಿಕೆ, ಮೋಟಾರು ಘಟ್ಟದ ತಿರುವಿನಲ್ಲಿ ವಾಲಿದರೆ ಕಣ್ಣು ಮುಚ್ಚಿ ಕುಲದೇವರನ್ನು ಕರೆಯುವವನು ನಾನು. ಇಂಥವನನ್ನು ಶಿರಸಿಯ ವರ್ತಕರ ಸಂಘದವರು ಕಾರ್ಯದರ್ಶಿ ಮಾಡಿದ್ದು ಧೈರ್ಯ ನೋಡಿ ಅಲ್ಲ, ಅಕ್ಷರ ನೋಡಿ. ನನ್ನ ಅಕ್ಷರ ದುಂಡಗಿತ್ತು, ಅರ್ಜಿ ಬರೆಯುವಷ್ಟು ಮರಾಠಿಯೂ ಬರುತ್ತಿತ್ತು.

ಇನ್ನೊಂದು ಕಾರಣ ನನ್ನ ಮೂಗು. ಅಡಿಕೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಅದು ಯಾವ ಕಡೆಯದು, ಹದವಾಗಿ ಬೆಂದಿದೆಯೋ ಇಲ್ಲವೋ, ಹಳೆಯದಕ್ಕೆ ಬಣ್ಣ ಹಚ್ಚಿ ಹೊಸದೆಂದು ತಂದಿದ್ದಾರೋ ಎಂದು ಹೇಳಿಬಿಡುತ್ತಿದ್ದೆ. ವಾನಳ್ಳಿಯ ಅಡಿಕೆಯನ್ನು ಹೇರೂರಿನದೆಂದು ನನಗೆ ಮಾರುವವರು ಇನ್ನೂ ಹುಟ್ಟಿಲ್ಲ ಎಂದು ಜಂಬ ಕೊಚ್ಚುತ್ತಿದ್ದೆ. ತಗಾದೆ ಬಿದ್ದಾಗ ಸಂಘದವರು ನನ್ನನ್ನು ಕರೆದು ಮೂಸಿಸುತ್ತಿದ್ದರು. ನನ್ನ ಮಾತಿಗೆ ಎದುರಾಡುವವರು ಕಡಿಮೆ.

ಸಂಘ ಎಂದರೆ ಬರೀ ತೂಕ, ದರಗಳ ಪಂಚಾಯಿತಿ ಅಲ್ಲ. ಪೇಟೆಯ ಮೂಲೆಯಲ್ಲಿ ಎತ್ತುಗಳಿಗೆ ನೀರಿನ ಬಾನಿ ಕಟ್ಟಿಸಿದ್ದು ನಾವು. ಎರಡು ದೀಪದ ಕಂಬ ನಿಲ್ಲಿಸಿದ್ದೂ ನಾವು. ಬೇಸಿಗೆ ಬಂತೆಂದರೆ ಅಡಿಕೆ ಪೇಟೆಯ ಎದುರು ಸೋಗೆಯ ಚಪ್ಪರ ಹಾಕಿ ಅರವಟ್ಟಿಗೆ ಇಡುತ್ತಿದ್ದೆವು. ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಗಾಡಿ ಹೊಡೆದುಕೊಂಡು ಬಂದವರಿಗೆ ಒಂದು ಲೋಟ ತಣ್ಣೀರು, ಒಂದು ಚೂರು ಬೆಲ್ಲ. ಪುಣ್ಯ ಬರುವ ಕೆಲಸ, ಖರ್ಚು ಕಡಿಮೆ. ವ್ಯಾಪಾರಿಗಳಿಗೆ ಇದಕ್ಕಿಂತ ಒಗ್ಗುವಂಥದು ಯಾವುದಿದೆ?

ಮೂವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಕಾಲರಾ ಬಂತು. ಸುದ್ದಿ ತಂದವರು ಮೋಟಾರು ಸಾಹೇಬರು. ಯಲ್ಲಾಪುರಕ್ಕೆ ಎರಡು ಬಸ್ಸು ಓಡಿಸುತ್ತಿದ್ದ ಅವರು ನಮ್ಮ ಸಂಘದ ಸದಸ್ಯರು. ಒಂದು ಮಧ್ಯಾಹ್ನ ನನ್ನ ಅಂಗಡಿಯ ಎದುರು ಬಸ್ಸು ನಿಲ್ಲಿಸಿ, ಇಳಿಯದೆ ಕೂತಲ್ಲಿಂದಲೇ ಹೇಳಿದರು.

“ಸೆಕ್ರೆಟರಿ ಸಾಹೇಬ್ರೇ, ಯಲ್ಲಾಪುರದಾಗ ಬೇನೆ ಬಂದದ. ಒಂದು ಓಣಿಯಾಗ ಮುಂಜಾನೆಯಿಂದ ಮೂರು ಮಂದಿ ಹೋದ್ರು. ನಿಮ್ಮ ಮೀಟಿಂಗ್ ಗೀಟಿಂಗ್ ಏನದ, ಇವತ್ತೇ ಮಾಡ್ರಿ.”

ಭಾವ, ಎಂದರೆ ನನ್ನ ತಂಗಿಯ ಗಂಡ, ಕಾಳುಮೆಣಸಿನ ವ್ಯಾಪಾರಕ್ಕೆಂದು ಆ ವಾರ ಯಲ್ಲಾಪುರದಲ್ಲೇ ಇದ್ದ. ತಂಗಿ ಇಲ್ಲಿ, ಪೇಟೆಯ ಹಿಂದಿನ ಬೀದಿಯಲ್ಲಿ, ಅತ್ತೆಯ ಜೊತೆ. ಅವಳಿಗೆ ಆಗ ಐದು ತಿಂಗಳು.

ಸಭೆ ಅಂದೇ ಸೇರಿತು. ಸರಕಾರಿ ದವಾಖಾನೆಯ ಡಾಕ್ಟರು ಬಾವಿಗೆ ಹಾಕುವ ಪುಡಿಯ ಡಬ್ಬಿಗಳನ್ನು ತಂದಿಟ್ಟರು. ಕಪ್ಪಗೆ ಕಾಣುವ ಹರಳು ಪುಡಿ, ನೀರಿಗೆ ಬಿದ್ದರೆ ಕೆಂಪು. ಸಂಜೆ ಬಾವಿಗೆ ಹಾಕಿ ಕದಡಬೇಕು, ರಾತ್ರಿ ನೀರು ಸೇದಬಾರದು, ಬೆಳಿಗ್ಗೆ ನೀರಿನಲ್ಲಿ ತೆಳುವಾಗಿ ಕೆಂಪು ಉಳಿದಿದ್ದರೆ ಔಷಧಿ ಸಾಕಷ್ಟು ಬಿದ್ದಿದೆ ಎಂದರ್ಥ. ಆಮೇಲೆ ಒಂದು ದಿನದೊಳಗೆ ಬಣ್ಣ ತಾನಾಗಿ ಹೋಗುತ್ತದೆ. ಡಾಕ್ಟರು ಇದನ್ನು ಎರಡು ಸಲ ಹೇಳಿದರು. ನಾನೇ ನನ್ನ ದುಂಡು ಅಕ್ಷರದಲ್ಲಿ ಬರೆದುಕೊಂಡೆ.

ತೊಡಕು ಬಂದದ್ದು ಹಗ್ಗದಲ್ಲಿ. ಊರಿನ ಅರ್ಧ ಬಾವಿಗಳಿಗೆ ಬೇರೆ ಜಾತಿಯವನ ಕೊಡ ಇಳಿಯುವ ಹಾಗಿರಲಿಲ್ಲ. ಒಬ್ಬನೇ ಆಳು ಎಲ್ಲ ಬಾವಿಗೂ ಔಷಧಿ ಹಾಕುತ್ತಾನೆ ಎಂದರೆ ಊರಲ್ಲಿ ದೊಂಬಿಯೇ ಆಗುತ್ತಿತ್ತು. ಕೊನೆಗೆ ಒಂದು ದಾರಿ ಹುಡುಕಿದೆವು. ಪುಡಿಯನ್ನು ಪೊಟ್ಟಣ ಕಟ್ಟಿ ಮನೆಮನೆಗೆ ಕೊಡುವುದು. ಆಯಾ ಮನೆಯವರೇ ತಮ್ಮ ಕೊಡದಲ್ಲಿ ಕದಡಿ ಹಾಕಿಕೊಳ್ಳುವುದು. ಮರುದಿನ ಬೆಳಿಗ್ಗೆ ಆಯಾ ಬೀದಿಯ ಸದಸ್ಯ ಹೋಗಿ, ಒಂದು ತಂಬಿಗೆ ನೀರು ನೋಡಿ, ಕೆಂಪಿದ್ದರೆ ಬಾಗಿಲ ಕಂಬಕ್ಕೆ ಸುಣ್ಣದ ಬೊಟ್ಟು ಇಡುವುದು. ಬೊಟ್ಟಿದ್ದ ಮನೆಯ ನೀರು ಕುಡಿಯಬಹುದು. ಈ ಉಪಾಯ ಮಾಡಿದ್ದಕ್ಕೆ ನಾವು ನಮ್ಮ ಬೆನ್ನು ನಾವೇ ತಟ್ಟಿಕೊಂಡೆವು.

ಹಿಂದಿನ ಬೀದಿ ನನ್ನ ಪಾಲಿಗೆ ಬಂತು. ತಂಗಿಯ ಮನೆಗೆ ಪೊಟ್ಟಣ ಕೊಟ್ಟಾಗ ಅವಳ ಅತ್ತೆ ಅದನ್ನು ಕೈಯಿಂದ ಮುಟ್ಟಲಿಲ್ಲ.

“ದೇವರ ಅಭಿಷೇಕದ ನೀರಿಗೆ ಇದನ್ನ ಹಾಕವನೋ? ಆನು ಮುಟ್ತ್ನಿಲ್ಲೆ. ನಿಂಗಳ ಸಂಘ ಅಡಿಕೆ ತೂಗ್ತಾ ಇರ್ಲಿ, ನಮ್ಮ ಬಾವಿ ತಂಟೆಗೆ ಬಪ್ಪದೆಂತಕ್ಕೆ?”

ನಾನು ಜಗಳಕ್ಕೂ ಹೆದರುವವನು. ಪೊಟ್ಟಣವನ್ನು ಜಗಲಿಯ ಮೇಲೆ ಇಟ್ಟು, “ಹಾಕಲೇಬೇಕು ಅತ್ತೆ, ಸರಕಾರದ ಹುಕುಂ” ಎಂದು ಸುಳ್ಳು ಹೇಳಿ ಬಂದೆ. ತಂಗಿ ಬಾಗಿಲ ಸಂದಿಯಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು.

ಅಷ್ಟರಲ್ಲಿ ಶಿರಸಿಯಲ್ಲೂ ಒಂದು ಸಾವಾಯಿತು. ಮಾರನೆಯ ಬೆಳಿಗ್ಗೆ ಸುಣ್ಣದ ಕುಡಿಕೆ ಹಿಡಿದು ಹೊರಟೆ. ಕರ್ಪೂರ ಪುಡಿ ಮಾಡಿ ಪಂಚೆಯ ತುಂಡಿನಲ್ಲಿ ಸುತ್ತಿ, ಮೂಗು ಬಾಯಿ ಮುಚ್ಚಿ ಕಟ್ಟಿಕೊಂಡಿದ್ದೆ. ಡಾಕ್ಟರು ನೋಡಿ ನಕ್ಕು, ಈ ಬೇನೆ ಗಾಳಿಯಿಂದ ಬರುವುದಲ್ಲ ಎಂದರು. ಅವರು ನಗಲಿ, ನಾನು ಬಿಚ್ಚಲಿಲ್ಲ. ಯಾರ ಮನೆಯ ಒಳಗೂ ಹೋಗಲಿಲ್ಲ. ಅಂಗಳದ ತುದಿಯಲ್ಲಿ ನಿಂತು, “ನೀರು ತೋರಿಸಿ” ಎಂದು ಕೂಗುವುದು, ಅವರು ತಂಬಿಗೆ ಎತ್ತಿ ಹಿಡಿದರೆ ದೂರದಿಂದಲೇ ನೋಡುವುದು, ಕಂಬಕ್ಕೆ ಬೊಟ್ಟು ಒತ್ತಿ ಓಡುವುದು.

ತಂಗಿ ಕಂಚಿನ ತಂಬಿಗೆಯಲ್ಲಿ ನೀರು ತಂದು ಅಂಗಳಕ್ಕೆ ಇಳಿದಳು. ಅತ್ತೆ ಹಿಂದೆ ನಿಂತಿದ್ದರು. ತಂಗಿ ನನ್ನ ಹತ್ತಿರ ಬರುತ್ತಲೇ ಇದ್ದಳು.

“ಅಲ್ಲೇ ನಿಲ್ಲು” ಎಂದೆ.

“ಹತ್ರ ಬಂದು ನೋಡು ಅಣ್ಣಯ್ಯ. ಸಮಾ ನೋಡು.”

“ಕಾಣ್ತು, ಕಾಣ್ತು. ಕೆಂಪಿದ್ದು.”

ಬೊಟ್ಟು ಇಟ್ಟೆ. ಅವಳು ತಂಬಿಗೆ ಹಿಡಿದುಕೊಂಡು ನಾನು ಬೀದಿ ತಿರುಗುವ ತನಕ ಅಲ್ಲೇ ನಿಂತಿದ್ದಳು. ಆ ಅತ್ತೆಯನ್ನು ಒಪ್ಪಿಸಿದಳಲ್ಲ, ಜಾಣೆ, ಎಂದುಕೊಂಡೆ.

ಅಂದೇ ಅರವಟ್ಟಿಗೆಯ ಪ್ರಶ್ನೆ ಬಂತು. ನೀರು ಯಾವ ಬಾವಿಯದು? ಮೋಟಾರು ಸಾಹೇಬರು ತಮ್ಮ ಬಾವಿಗೆ ಮೊದಲ ದಿನವೇ ತಾವೇ ನಿಂತು ಪುಡಿ ಹಾಕಿಸಿದ್ದರು. ಎರಡನೆಯ ದಿನ ಮತ್ತೊಮ್ಮೆ ಹಾಕಿಸಿದ್ದರು. ಊರಿನ ಅತಿ ಶುದ್ಧ ನೀರು ಅವರಲ್ಲಿತ್ತು. ಅವರು ಕೊಡುತ್ತೇನೆ ಎಂದರು, ಮುಸಲ್ಮಾನರ ಬಾವಿಯ ನೀರು ಕುಡಿಯುವವರು ಯಾರು ಎಂದು ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಅವರಿಗೂ ಅರ್ಥವಾಯಿತು, ಬೀಡಿ ಹಚ್ಚಿ ಹೊರಗೆ ಹೋದರು. ಎಲ್ಲರೂ ಕುಡಿಯಬಹುದಾದ ಮಡಿಯ ಮನೆ, ಪೇಟೆಗೆ ಹತ್ತಿರ, ಬೊಟ್ಟು ಬಿದ್ದದ್ದು ಎಂದು ನಾನೇ ತಂಗಿಯ ಮನೆಯ ಬಾವಿಯನ್ನು ಸೂಚಿಸಿದೆ. ಕಾರ್ಯದರ್ಶಿಯ ಖಾತ್ರಿ ಸಾಕು ಎಂದರು ಅಧ್ಯಕ್ಷರು.

ಮೂರು ದಿನ ಆ ನೀರು ಅರವಟ್ಟಿಗೆಗೆ ಬಂತು. ಮೂರನೆಯ ದಿನವೂ ಹಂಡೆಯಲ್ಲಿ ತೆಳುಗೆಂಪು ಇತ್ತು. ಬಣ್ಣ ಒಂದು ದಿನದೊಳಗೆ ಹೋಗಬೇಕು ಎಂದು ನನ್ನ ಕೈಯಲ್ಲೇ ಬರೆದುಕೊಂಡದ್ದು ನೆನಪಾಗಲಿಲ್ಲ. ಬದಲಿಗೆ, ನಮ್ಮ ಔಷಧಿ ಎಷ್ಟು ಗಟ್ಟಿ ನೋಡಿ ಎಂದು ನಾಲ್ಕು ಜನರಿಗೆ ಹೇಳಿದೆ. ಕುಡಿದವರು ಮುಖ ಸಿಂಡರಿಸಿದರೆ, ಅದು ಔಷಧಿಯ ರುಚಿ ಎಂದು ಬೆಲ್ಲದ ಚೂರು ಕೊಡಿಸಿದೆ.

ಅಂದು ಬೆಳಿಗ್ಗೆ ಕಾನಸೂರಿನ ಒಬ್ಬ ಮುದುಕರು ಗಾಡಿ ಇಳಿದು ಬಂದರು. ನನಗೆ ವರ್ಷ ವರ್ಷ ಅಡಿಕೆ ಹಾಕುವವರು, ಬಾಯಿ ಜೋರು. ಬಾಯಾರಿದ್ದರು, ಎರಡು ಲೋಟ ಗಟಗಟ ಕುಡಿದು, ಮೂರನೆಯದನ್ನು ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ಉಗುಳಿದರು.

“ಎಂತದೋ ಇದು ಮಾರಾಯ! ಅಡಿಕೆಗೆ ಹಚ್ಚಿದ್ದು ಸಾಲ್ದೆ ಈಗ ನೀರಿಗೂ ಚೊಗರು ಹಚ್ತ್ರನೋ?”

ಸುತ್ತ ಇದ್ದವರು ನಕ್ಕರು. ಚೊಗರು ಎಂದರೆ ಹಸಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕಡುಗೆಂಪು ಕಷಾಯ. ಅಡಿಕೆಗೆ ಬಣ್ಣ ಕಟ್ಟಲು ಅದನ್ನೇ ಹಚ್ಚುವುದು. ನಮ್ಮ ಪೇಟೆಯಲ್ಲಿ ಹಾಲು ಇಲ್ಲದ ಮನೆ ಇದ್ದೀತು, ಚೊಗರು ಇಲ್ಲದ ವ್ಯಾಪಾರಿಯ ಮನೆ ಇಲ್ಲ. ತಂಗಿಯ ಮನೆಯ ಹಿತ್ತಿಲಲ್ಲಿ ಅದರದೇ ಒಂದು ಹಂಡೆ ಇತ್ತು.

ನಾನು ಮೂಗಿಗೆ ಕಟ್ಟಿದ ಬಟ್ಟೆ ಬಿಚ್ಚಿದೆ. ಲೋಟ ಹತ್ತಿರ ತಂದು ಮೂಸಿದೆ. ನಾಲ್ಕು ದಿನದ ಕರ್ಪೂರದ ಘಾಟಿನ ನಡುವೆಯೂ ಅದು ತಿಳಿಯಿತು. ಒಗರು, ಸ್ವಲ್ಪ ಹುಳಿ. ಹುಟ್ಟಿದಾಗಿನಿಂದ ಮೂಸಿದ ವಾಸನೆ.

ಬಾವಿಗೆ ಔಷಧಿ ಬಿದ್ದೇ ಇಲ್ಲ. ಮೂರು ದಿನ ಪೇಟೆಗೆ ಬಂದವರೆಲ್ಲ ನನ್ನ ಬೊಟ್ಟು ನಂಬಿ ಆ ನೀರು ಕುಡಿದಿದ್ದಾರೆ. ವಾನಳ್ಳಿಯವರು, ಹೇರೂರಿನವರು, ಗಾಡಿಯವರು, ಹಮಾಲರು. ಯಾರ ಹೆಸರೂ ಬರೆದಿಟ್ಟಿಲ್ಲ, ಯಾರ ಹಿಂದೆ ಹೋಗಿ ಹೇಳಲಿ? ಹಂಡೆಯನ್ನು ಒದ್ದು ಕೆಡವಿದೆ. ಮುದುಕರು ನನಗೆ ಹುಚ್ಚು ಹಿಡಿಯಿತೆಂದು ಹಿಂದೆ ಸರಿದರು. ಅವರ ಹತ್ತಿರ ನಿಜ ಹೇಳುವ ಧೈರ್ಯ ಆಗಲೂ ಬರಲಿಲ್ಲ. ಮನೆಗೆ ಹೋಗಿ ಕಾಯಿಸಿದ ನೀರನ್ನೇ ಕುಡಿಯಿರಿ ಎಂದಷ್ಟೇ ಹೇಳಿ ಹಿಂದಿನ ಬೀದಿಗೆ ಓಡಿದೆ.

ಓಡುವಾಗ ತಂಗಿಗೆ ಏನು ಬಯ್ಯಬೇಕೆಂದು ಮಾತು ಜೋಡಿಸುತ್ತಿದ್ದೆ. ಜಗಲಿಯಲ್ಲಿ ಅತ್ತೆ ಕೂತಿದ್ದರು. ನನ್ನನ್ನು ಕಂಡರೂ ಏಳಲಿಲ್ಲ.

“ಬೆಳಗಾಗ ಮುಂಚಿಂದ ವಾಂತಿ. ಒಳಗೆ ಮನಗಿದ್ದು. ನಿಂಗೆ ಹೇಳಿ ಕಳಸವು ಹೇಳಿದ್ರೆ ಈ ಬೀದಿಗೆ ಒಂದು ನರಪಿಳ್ಳೆ ಬಪ್ಪಲಿಲ್ಲೆ” ಎಂದರು.

ಬಾಗಿಲಲ್ಲಿ ನಿಂತೆ. ನಿಜ ಹೇಳುತ್ತೇನೆ, ಒಂದು ಕ್ಷಣ ನನ್ನ ಕಾಲು ಹಿಂದಕ್ಕೇ ಎಳೆಯಿತು. ಒಡಹುಟ್ಟಿದವಳು ಒಳಗೆ ಬಿದ್ದಿದ್ದಾಳೆ, ಅಣ್ಣ ಹೊಸ್ತಿಲ ಹೊರಗೆ ಲೆಕ್ಕ ಹಾಕುತ್ತಿದ್ದಾನೆ. ಆ ಕ್ಷಣಕ್ಕಾಗಿ ನನಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ. ಆಮೇಲೆ ಒಳಗೆ ಹೋದೆ. ಅವಳ ಕಣ್ಣು ಗುಳಿ ಬಿದ್ದಿತ್ತು, ಕೈಬೆರಳು ಸುಕ್ಕುಗಟ್ಟಿತ್ತು.

“ಎಂತಕ್ಕೆ ಹಂಗೆ ಮಾಡ್ದೆ?” ಎಂದೆ. ಬೈಗುಳವೆಲ್ಲ ಎಲ್ಲಿ ಹೋಯಿತೋ.

“ಅತ್ತೆ ಪೊಟ್ಟಣನ ಒಲೆಗೆ ಹಾಕ್ಬಿಡ್ತು. ಕೆಂಪು ಕಂಡ್ರೆ ಸಾಕು, ಬಾವಿಗೆ ಚೊಗರು ಹೊಯ್ಯಿ ಹೇಳ್ತು.” ಅವಳು ಉಸಿರು ಎಳೆದುಕೊಂಡು ನಿಧಾನ ಹೇಳಿದಳು. “ಆನು ಬ್ಯಾಡ ಹೇಳಿದ್ನಿಲ್ಲೆ. ನೋಡಲೆ ಬಪ್ಪವ ನೀನು. ಮೂಸಿದ್ ಕೂಡ್ಲೆ ನಿಂಗೆ ಗೊತ್ತಾಗ್ತು, ನೀನೇ ಬೈದು ಔಷಧಿ ಹಾಕಿಸ್ತೆ ಹೇಳಿ ಎಣಿಸಿದ್ದೆ. ಹತ್ರ ಬಾ ಹೇಳಿದ್ನಲಾ ಅಣ್ಣಯ್ಯ.”

ಅವಳು ಮೋಸ ಮಾಡಿರಲಿಲ್ಲ. ಅತ್ತೆಯ ಎದುರು ಬಾಯಿ ತೆರೆಯಲಾಗದವಳು ತಂಬಿಗೆಯಲ್ಲಿ ನನಗೆ ಹೇಳಿ ಕಳಿಸಿದ್ದಳು, ಊರೆಲ್ಲ ಹೊಗಳುವ ನನ್ನ ಮೂಗನ್ನು ನಂಬಿ. ನಾನು ಆ ಮೂಗಿಗೆ ಕರ್ಪೂರ ತುಂಬಿಕೊಂಡು ಹೋಗಿದ್ದೆ.

ಡಾಕ್ಟರನ್ನು ಕರೆತಂದೆ. ಕಾಯಿಸಿ ಆರಿಸಿದ ಉಪ್ಪುನೀರನ್ನು ಗುಟುಕು ಗುಟುಕಾಗಿ ಬಿಡದೆ ಕುಡಿಸಬೇಕು ಎಂದರು, ಸೂಜಿ ಚುಚ್ಚಿ ರಕ್ತನಾಳಕ್ಕೂ ಉಪ್ಪುನೀರು ಕೊಟ್ಟರು. ಕುಡಿಸುವ ನೀರು ಎಲ್ಲಿಂದ? ಮೋಟಾರು ಸಾಹೇಬರು ತಮ್ಮ ಬಾವಿಯದನ್ನು ಹೊಸ ಕೊಡದಲ್ಲಿ ತಂದು ಅಂಗಳದಲ್ಲಿಟ್ಟು, ಭಾವನನ್ನು ಕರೆತರಲು ಅಲ್ಲಿಂದಲೇ ಬಸ್ಸು ಹತ್ತಿದರು. ಅತ್ತೆ ಆ ಕೊಡವನ್ನು ನೋಡಿದರು. ಎದ್ದು ಹೋಗಿ ತಾವೇ ಎತ್ತಿಕೊಂಡು ಬಂದು ಒಲೆಯ ಮೇಲಿಟ್ಟರು. ಆ ನೀರನ್ನು ಸೊಸೆಯ ಬಾಯಿಗೆ ಚಮಚದಲ್ಲಿ ಬಿಟ್ಟವರೂ ಅವರೇ.

ತಂಗಿ ಉಳಿದಳು. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ.

ಸಂಘದ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಪೊಟ್ಟಣದ ಪದ್ಧತಿ ನಿಂತಿತು; ಮುಂದೆ ಪ್ರತಿ ಬಾವಿಯ ಹತ್ತಿರವೂ ಸದಸ್ಯನೇ ನಿಂತು ಹಾಕಿಸಬೇಕೆಂದು ಠರಾವಾಯಿತು. ಕೆಟ್ಟ ಮೇಲೆ ಬುದ್ಧಿ, ಅಟ್ಟ ಮೇಲೆ ಒಲೆ. ಕಾನಸೂರಿನ ಮುದುಕರು ಹದಿನೈದು ದಿನ ಬಿಟ್ಟು ಗಾಡಿ ಇಳಿದಾಗ ನನಗೆ ಅಳು ಬಂತು. ಆದರೆ ಆ ಮೂರು ದಿನ ಕುಡಿದ ಉಳಿದವರಲ್ಲಿ ಯಾರು ಮನೆ ಸೇರಿದರು, ಯಾರು ಮಲಗಿದವರು ಏಳಲಿಲ್ಲ, ನನಗೆ ಗೊತ್ತಿಲ್ಲ. ಬಹಳ ಕಾಲದವರೆಗೆ ಪೇಟೆಯಲ್ಲಿ ಪರಿಚಯದ ಮುಖ ಒಂದು ವಾರ ಕಾಣದಿದ್ದರೆ, ಆ ಮೂರು ದಿನಗಳಲ್ಲಿ ಅವರು ಲೋಟ ಹಿಡಿದಿದ್ದರೋ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ. ವಿಚಾರಿಸಲು ಹೆದರಿಕೆ, ವಿಚಾರಿಸದಿರಲೂ ಹೆದರಿಕೆ.

ಮರುವರ್ಷ ಬೇಸಿಗೆಗೆ ಮೊದಲೇ ಪುಡಿ ಹಾಕಿಸಲು ಹೊರಟೆವು. ಮೂಗಿಗೆ ಬಟ್ಟೆ ಕಟ್ಟಲಿಲ್ಲ. ತಂಗಿಯ ಮನೆಯ ಬಾವಿಗೆ ನಾನೇ ನಿಂತು ಕದಡಿಸಿದೆ, ಮಾರನೆಯ ಬೆಳಿಗ್ಗೆ ನಾನೇ ಹೋದೆ. ಆ ಒಂದು ವರ್ಷದಲ್ಲಿ ಅವಳು ನನ್ನನ್ನು ಬೈದು ಒಂದು ಮಾತೂ ಅಂದಿರಲಿಲ್ಲ. ನೀರು ಸೇದಿ, ಅದೇ ಕಂಚಿನ ತಂಬಿಗೆಗೆ ಹೊಯ್ದು, ನೇರ ನನ್ನ ಮುಖದ ಹತ್ತಿರ ತಂದು ಹಿಡಿದಳು.

“ಮೂಸು” ಎಂದಳು.

ಮೂಸಿದೆ. “ಎಂತದೂ ವಾಸ್ನೆ ಇಲ್ಲೆ” ಎಂದೆ.

“ಇನ್ನೊಂದ್ಸಲ ಮೂಸು ಅಣ್ಣಯ್ಯ” ಎಂದಳು. ತಂಬಿಗೆಯನ್ನು ಕೆಳಗಿಳಿಸಲಿಲ್ಲ. ನಾನು ಇನ್ನೊಂದು ಸಲ ಮೂಸಿದೆ.